ಮೆತ್ತನೆಯ ಲೋಡು

ಅಪ್ಪ,

ಕೆರೆ ಮುಚ್ಚಲು ಗಟ್ಟಿ ಮಣ್ಣು ಎಂದು ಹೇಳಿ ನೀನು ಲಾರಿಯಲ್ಲಿ ಸಾಗಿಸಿದ್ದು ಹಳೆಯ ಹಾಸಿಗೆಗಳನ್ನು ಎಂದು ನನಗೆ ಆಗಲೇ ಗೊತ್ತಿತ್ತು. ಸ್ಕೂಲಿಗೆ ಚಕ್ಕರ್ ಹಾಕಿ, ಹಿಂದೆ ಟಾರ್ಪಾಲಿನ ಕೆಳಗೆ ಮಲಗಿ ಬರುತ್ತಿದ್ದೆ. ಮಣ್ಣಿನ ಮೇಲೆ ಅಷ್ಟು ಸೊಗಸಾದ ನಿದ್ದೆ ಬರುವುದಿಲ್ಲ. ನೀನು ಬದುಕಿರುವವರೆಗೂ ನಾನು ಬಾಯಿ ಬಿಡಲಿಲ್ಲ.

ನೀನು ಮುಚ್ಚಿದ ಆ ಕೆರೆಯ ಜಾಗದಲ್ಲೇ ಹೋದ ವಾರ ಹೊಸ ಕಟ್ಟಡಕ್ಕಾಗಿ ಮಣ್ಣಿನ ಪರೀಕ್ಷೆ ಇತ್ತು. ಕೊಳವೆಯ ಮೇಲೆ ಭಾರದ ಸುತ್ತಿಗೆ ಬೀಳಿಸಿ, ಅದು ಒಂದಡಿ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುವುದು ನನ್ನ ಕೆಲಸ. ಪೆಟ್ಟು ಹೆಚ್ಚಾದಷ್ಟೂ ನೆಲ ಗಟ್ಟಿ. ಆವತ್ತು ಸುತ್ತಿಗೆ ಎತ್ತುವ ಮೊದಲೇ ಕೊಳವೆ ತಾನಾಗಿ ಇಳಿದುಹೋಯಿತು.

"ಎಷ್ಟೋ?" ಎಂದರು ಸೈಟಿನ ಯಜಮಾನರು.

"ಸೊನ್ನೆ ಸಾರ್."

"ಇಪ್ಪತ್ತು ಅನ್ನು. ನಿಮ್ಮಪ್ಪನ ಮನೆ ಗಂಟೇನಾದ್ರೂ ಹೋಗುತ್ತಾ?"

ಕೊಳವೆ ಎತ್ತಿ ಬಿಚ್ಚಿದರೆ ಒಳಗೆ ಹಾಸಿಗೆ ಹತ್ತಿಯ ಉಂಡೆ.

"ಈ ಗಂಟು ನಮ್ಮಪ್ಪಂದೇ ಸಾರ್. ಅವರೇ ಇಲ್ಲಿ ಸುರಿದದ್ದು."

ಮೇಸ್ತ್ರಿ ನಗು ತಡೆಯಲಾರದೆ ಹೇಳಿದ: "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಸಾರ್. ನೀವು ಎಂಟು ಮಹಡಿ ಚಾಚೋಕೆ ಹೊರಟಿದ್ದೀರಿ."

ಯಜಮಾನರು ನಗಲಿಲ್ಲ. ನನ್ನನ್ನು ಅಲ್ಲೇ ಕೆಲಸದಿಂದ ತೆಗೆದರು. ಹತ್ತಿಯನ್ನು ಎಲ್ಲರೂ ನೋಡಿಬಿಟ್ಟಿದ್ದರಿಂದ ಸೊನ್ನೆಯನ್ನು ಮಾತ್ರ ಯಾರಿಂದಲೂ ಇಪ್ಪತ್ತು ಮಾಡಲಾಗಲಿಲ್ಲ; ಕಟ್ಟಡದ ಕೆಲಸ ನಿಂತಿದೆ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿ ನಗಿಸಲು ಹೋದೆ. ಆ ಲೋಡುಗಳನ್ನು ನೀನು ಹೊಡೆದದ್ದು ನನ್ನ ಸ್ಕೂಲ್ ಫೀಸಿಗೆ ಎಂದಳು ಅವಳು. ಆಗೆಲ್ಲ ನಾನು ಎಲ್ಲಿ ಮಲಗಿದ್ದೆ ಎಂಬುದನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಬೇರೆ ಊರಿನಲ್ಲಿ ಇಂಥದೇ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.