ನಕಲು ಮಾಡಿದ್ದು ನಿಮ್ಮ ಯಂತ್ರ, ಒಪ್ಪಿಕೊಂಡದ್ದು ನನ್ನ ಅತ್ತಿಗೆ

ಉದ್ಯೋಗ ಮಾರ್ಗದರ್ಶನ ಕೇಂದ್ರದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅತ್ತಿಗೆ ಯಾರ ರೆಸ್ಯೂಮೆಯನ್ನೂ ಕದ್ದಿಲ್ಲ. ನಾನೂ ಕದ್ದಿಲ್ಲ. ನಮ್ಮಿಬ್ಬರದ್ದನ್ನೂ ಬರೆದದ್ದು ನಿಮ್ಮದೇ ಕೇಂದ್ರದ ಸಾಫ್ಟ್‌ವೇರ್. ಹೀಗಿದ್ದೂ ನಿಮ್ಮ ದಾಖಲೆಯಲ್ಲಿ ಅತ್ತಿಗೆಯ ಹೆಸರಿನ ಮುಂದೆ ‘ನಕಲು’ ಎಂದಿದೆ. ಒಂದು ವರ್ಷ ಅವರು ನಿಮ್ಮ ಮೂಲಕ ಯಾವ ಕೆಲಸಕ್ಕೂ ಅರ್ಜಿ ಹಾಕುವಂತಿಲ್ಲ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ಕಂಡಿದ್ದೆ. ಚಿವುಟಿ, ಅತ್ತದ್ದಕ್ಕೆ ಮಗುವಿಗೇ ಶಿಕ್ಷೆ ಕೊಡುವವರನ್ನು ಈಗ ಕಂಡೆ.

ಆಸ್ಪತ್ರೆಯೊಂದರ ಸ್ವಾಗತ ವಿಭಾಗದಲ್ಲಿ ಎರಡು ಹುದ್ದೆ ಖಾಲಿ ಇವೆಯೆಂದು ನಾವಿಬ್ಬರೂ ನಿಮ್ಮಲ್ಲಿಗೆ ಬಂದೆವು. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನು, ಸರದಿ ನೋಡಿಕೊಳ್ಳುತ್ತಿದ್ದವಳು. ಅವರು ನಿವೃತ್ತರಾಗಿ ಬಾಗಿಲು ಹಾಕಿದರು. ಅತ್ತಿಗೆ, ಹಾಸಿಗೆ ಹಿಡಿದ ನನ್ನ ಅಮ್ಮನನ್ನು ಕೊನೆಯುಸಿರಿನವರೆಗೂ ನೋಡಿಕೊಂಡವರು. ಅವರು ಮನೆಯಲ್ಲಿದ್ದುದರಿಂದಲೇ ಅಷ್ಟು ವರ್ಷ ಮಗಳಾದ ನಾನು ನಿಶ್ಚಿಂತೆಯಿಂದ ಕೆಲಸಕ್ಕೆ ಹೋದೆ. “ನನಗೇನು ಬರತ್ತೆ ಅಂತ ಬರೀಲಿ?” ಎಂದು ಅವರು ಹಿಂಜರಿದಾಗ ನಿಮ್ಮ ತರಬೇತುದಾರರು ನಕ್ಕರು. “ನೀವು ತಲೆ ಕೆಡಿಸ್ಕೋಬೇಡಿ ಮೇಡಂ. ಜಾಹೀರಾತು ಅಂಟಿಸಿ, ರೆಸ್ಯೂಮೆ ಅಂಟಿಸಿ, ಹಸಿರು ಬಟನ್ ಒತ್ತಿ. ಮಿಕ್ಕಿದ್ದನ್ನ ಅದೇ ನೋಡ್ಕೊಳ್ಳತ್ತೆ.”

ಚೆನ್ನಾಗಿಯೇ ನೋಡಿಕೊಂಡಿತು. ಅತ್ತಿಗೆಗೆ ಟೈಪಿಂಗ್ ಬಾರದು, ಎರಡನ್ನೂ ಟೈಪ್ ಮಾಡಿದವಳು ನಾನು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿದ್ದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಿದ್ದು, ಡಾಕ್ಟರಿಗೆ ಫೋನ್ ಮಾಡಿದ್ದು, ಎಲ್ಲವನ್ನೂ ಅವರು ಹೇಳಿದ ಹಾಗೆಯೇ ಬರೆದೆ. ಜಾಹೀರಾತಿಗೆ ಹೊಂದಾಣಿಕೆ ನೂರಕ್ಕೆ ಮೂವತ್ತು ಎಂದಿತು ಯಂತ್ರ. ಬಟನ್ ಒತ್ತಿದೆ. ಅಷ್ಟೂ ಅಳಿಸಿಹೋಗಿ ‘ರೋಗಿಗಳ ಸಮನ್ವಯ ಹಾಗೂ ಸಂವಹನದಲ್ಲಿ ಪರಿಣತಿ’ ಎಂದಾಯಿತು. ಅಂಕ ತೊಂಬತ್ತು ದಾಟಿತು. ಹಲ್ಲುನೋವಿಗೆ ಗೋಳಾಡುವವರನ್ನು ಸಮಾಧಾನ ಮಾಡಿ ಕೂರಿಸುತ್ತಿದ್ದೆ ಎಂಬ ನನ್ನ ಸಾಲೂ ಅಕ್ಷರಶಃ ಅದೇ ಪರಿಣತಿಯಾಯಿತು. ನನ್ನ ಅಮ್ಮನ ಕೊನೆಯ ವರ್ಷಗಳೂ ಯಾರದೋ ದವಡೆ ಹಲ್ಲೂ ನಿಮಗೆ ಒಂದೇ. ಬಸ್ಸಿನಲ್ಲಿ ಅತ್ತಿಗೆ, “ನಾನು ಇಷ್ಟೆಲ್ಲಾ ಇದ್ದೀನಾ?” ಎಂದು ನಕ್ಕರು.

ವಾರ ಕಳೆಯುವುದರೊಳಗೆ ನಿಮ್ಮ ಕಚೇರಿಯಿಂದ ಕರೆ ಬಂತು, ಇಬ್ಬರೂ ಬಂದೆವು. ನಕಲು ಹಿಡಿಯುವ ಇನ್ನೊಂದು ಸಾಫ್ಟ್‌ವೇರ್ ಕೂಡ ನಿಮ್ಮಲ್ಲಿದೆಯಂತೆ, ನಮ್ಮಿಬ್ಬರ ರೆಸ್ಯೂಮೆಯಲ್ಲೂ ಒಂದೇ ಸಾಲುಗಳಿವೆಯೆಂದು ಅದು ಹಿಡಿಯಿತಂತೆ. ಒಬ್ಬನೇ ದರ್ಜಿ ಒಂದೇ ಥಾನಿನಿಂದ ಇಬ್ಬರಿಗೂ ಅಂಗಿ ಹೊಲಿದು, ಆಮೇಲೆ ಅಂಗಿ ಕದ್ದವರು ಯಾರೆಂದು ಕೇಳಿದರೆ ಏನು ಹೇಳುವುದು? ನಿಮ್ಮ ಗುಮಾಸ್ತರು ಕೇಳಿದ್ದೂ ಅದನ್ನೇ: “ಯಾರು ಯಾರದ್ದನ್ನ ನೋಡಿ ಬರೆದ್ರಿ? ಒಬ್ರು ಒಪ್ಕೊಂಡ್ರೆ ಇನ್ನೊಬ್ರನ್ನ ಬಿಡ್ತೀವಿ. ಇಲ್ಲಾಂದ್ರೆ ಇಬ್ರದ್ದೂ ರದ್ದು.” “ಅದು ನಿಮ್ಮ ಯಂತ್ರ…” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಎದ್ದು ನಿಂತಿದ್ದರು. “ನಂದೇ ತಪ್ಪು ಸಾರ್. ಅವಳದ್ದು ನೋಡಿ ಬರೆಸ್ಕೊಂಡೆ. ಅವಳನ್ನ ಬಿಟ್ಬಿಡಿ.” ನಾನೆಷ್ಟು ಹೇಳಿದರೂ ಗುಮಾಸ್ತರು ತಲೆ ಎತ್ತಲಿಲ್ಲ. ಅವರಿಗೆ ಬೇಕಾದ ಕಳ್ಳಿ ಸಿಕ್ಕಿದ್ದಳು.

ಮೆಟ್ಟಿಲಿಳಿಯುವಾಗ ಅತ್ತಿಗೆ ನನ್ನ ಕೈ ಹಿಡಿದು, “ನೀನು ಗಾಬರೀಲಿ ನಿಂದನ್ನೇ ನಂಗೂ ಹಾಕ್ಬಿಟ್ಟೆ ಅನ್ಸತ್ತೆ. ಹೋಗ್ಲಿ ಬಿಡು, ಚಿಕ್ಕವಳು. ನಿನಗಾದ್ರೂ ಸಿಗ್ಲಿ” ಎಂದರು. ಅಂದಿನಿಂದ ದಿನವೂ ಹೇಳುತ್ತಿದ್ದೇನೆ, ನಾನು ಹಾಗೆ ಮಾಡಿಲ್ಲವೆಂದು. ಅವರು ಹೂಂ ಎನ್ನುತ್ತಾರೆ, ನಂಬುವುದಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ನಿಮ್ಮನ್ನು ನಂಬಿ ಬಂದ ತಪ್ಪಿಗೆ, ನನ್ನ ಅಮ್ಮನನ್ನು ಸಾಕಿದವರ ಕಣ್ಣಿನಲ್ಲಿ ನಾನು ಸುಳ್ಳುಗಾರ್ತಿಯಾದೆ. ಇದಕ್ಕೆ ನಿಮ್ಮ ಯಂತ್ರ ಎಷ್ಟು ಅಂಕ ಕೊಡುತ್ತದೆ, ಮಾನ್ಯರೇ?

ಸಂದರ್ಶನಕ್ಕೆ ನನಗೆ ಕರೆ ಬಂದಿದೆ, ಹೋಗುವುದಿಲ್ಲ. ನಾನು ಕೇಳುವುದು ಇಷ್ಟೇ. ಅತ್ತಿಗೆಯ ಹೆಸರಿನ ಮುಂದಿನ ಆ ಪದವನ್ನು ಹೊಡೆದುಹಾಕಿ. ಆಮೇಲೆ, ಎರಡನ್ನೂ ಬರೆದದ್ದು ನಿಮ್ಮ ಸಾಫ್ಟ್‌ವೇರೇ ಎಂದು ನಿಮ್ಮ ಮೊಹರು ಒತ್ತಿ ಅವರಿಗೆ ಬರೆಯಿರಿ. ನನ್ನ ಮಾತನ್ನು ಅವರು ನಂಬುವುದಿಲ್ಲ. ನಿಮ್ಮದನ್ನು ಈಗಲೂ ನಂಬುತ್ತಾರೆ.

ಇಂತಿ,
ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿರುವ
ಒಬ್ಬ ನಾದಿನಿ