ಹಸಿರು ರವಿಕೆ ಕಣ

ಆಗಸ್ಟ್ 22, ಶುಕ್ರವಾರ. ಗುಬ್ಬಿ.

ಅರ್ಜಿ ಸಂಜೆಯವರೆಗೂ ಮೇಜಿನ ಮೇಲೇ ಇತ್ತು. 'ಗೃಹಲಕ್ಷ್ಮಿಯ ಎರಡು ಸಾವಿರವನ್ನು ನಗದಾಗಿ ಕೊಡಬೇಡಿ, ದಿನಸಿ ಕೂಪನ್ ಕೊಡಿ, ದುಡ್ಡು ಪೋಲಾಗುತ್ತಿದೆ' ಎಂದು ನಾನೇ ಬರೆದದ್ದು. ನಮ್ಮ ಮಹಿಳಾ ಸಂಘದ ಹನ್ನೊಂದು ಜನ ಹೆಂಗಸರು ಸಹಿ ಹಾಕಿದ್ದಾರೆ. ರಿಟೈರ್ಡ್ ಟೀಚರ್ ಬರೆದರೆ ಬೇಡ ಎನ್ನುವವರು ಯಾರು?

ಸಂಜೆ ಶಕುಂತಲಮ್ಮ ಕುಂಕುಮಕ್ಕೆ ಕರೆದಿದ್ದಳು. ಹದಿನಾಲ್ಕು ವರ್ಷದಿಂದ ನಮ್ಮ ಮನೆಯ ಪಾತ್ರೆ ತೊಳೆಯುವವಳು. ಪ್ರತಿ ಶ್ರಾವಣದಲ್ಲೂ ಕರೆಯುವವಳು ನಾನು, ಬರುವವಳು ಅವಳು. ಇವತ್ತು ಅವಳೇ ಚಾಪೆ ಹಾಸಿ ಕೂರಿಸಿ, ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಒಂದು ಹಸಿರು ರವಿಕೆ ಕಣ ಕೊಟ್ಟಳು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

"ಯಾಕೆ ಇಷ್ಟೆಲ್ಲ ಖರ್ಚು?" ಎಂದೆ.

"ಗೃಹಲಕ್ಷ್ಮಿ ದುಡ್ಡು ಬಂದಿತ್ತು ಟೀಚರಮ್ಮ. ಎಷ್ಟ್ ವರ್ಷ ಅಂತ ನಾನೇ ಈಸ್ಕೊಳ್ಳೋದು? ಒಂದ್ಸಲ ನಾನೂ ಕೊಡಾಣ ಅನ್ನಿಸ್ತು. ಹೊಸದೇ ತಂದಿವ್ನಿ."

ಹೊಸದೇ. ನಾನು ಅವಳಿಗೆ ಇಷ್ಟು ವರ್ಷ ಕೊಟ್ಟದ್ದೆಲ್ಲ ಯಾರೋ ನನಗೆ ಕೊಟ್ಟು, ಟ್ರಂಕಿನಲ್ಲಿ ಬಿದ್ದಿದ್ದ ಕಣಗಳು. ಎಲ್ಲರ ಮನೆಯಲ್ಲೂ ಹಾಗೇ ನಡೆಯುತ್ತದೆ. ಅವಳಿಗೂ ಗೊತ್ತಿದ್ದೇ ಇರುತ್ತದೆ. ನನ್ನ ಅರ್ಜಿಯ ಪ್ರಕಾರ ಅವಳು ತಂದ ಈ ಕಣ ಪೋಲು.

ಮನೆಗೆ ಬಂದಾಗ ಕೈ ತಾನಾಗಿಯೇ ಟ್ರಂಕಿನ ಚಿಲಕಕ್ಕೆ ಹೋಯಿತು. ನನಗೇ ನಗು ಬಂತು. ಹಸಿರು ನನಗೆ ಒಪ್ಪುವುದಿಲ್ಲ, ಆದರೂ ನಾಳೆ ಟೈಲರ್ ಸಾದಿಯಾಳಿಗೆ ಕೊಡುತ್ತೇನೆ. ಸುತ್ತಲು ಪೇಪರ್ ಸಿಗಲಿಲ್ಲ, ಅರ್ಜಿಯಲ್ಲೇ ಸುತ್ತಿದ್ದೇನೆ. ಸಹಿ ಹಾಕಿದವರಿಗೆ ಏನು ಹೇಳುವುದೋ ಗೊತ್ತಿಲ್ಲ. ತೋಳು ಸ್ವಲ್ಪ ಉದ್ದ ಇರಲಿ ಅಂತ ಸಾದಿಯಾಗೆ ಮಾತ್ರ ಮರೆಯದೆ ಹೇಳಬೇಕು.