ಅಳತೆಗೆ ಕೊಟ್ಟ ಚಕ್ರ

ಮಾರ್ಚ್ 3, ಬೆಳಗ್ಗೆ

ಗುಲಾಬಿ, ದಾಸವಾಳ, ಜೊತೆಗೆ ಗೊಬ್ಬರದ ಮೂಟೆ. ಆಸ್ಪತ್ರೆ ಹಿಂದಿನ ಹೊಸ ಮನೆಗಳಿಗೆ. ಎಲ್ಲ ಪಿಕಪ್ಪಿಗೆ ಹೇರಿ, ಹಗ್ಗ ಬಿಗಿದು, ನರ್ಸರಿ ಗೇಟು ದಾಟುವಾಗ ಮುಂದಿನ ಎಡ ಚಕ್ರದಲ್ಲಿ ಟಕ್ ಟಕ್. ಇಳಿದು ನೋಡಿದರೆ ಏನೂ ಇಲ್ಲ. ವೀಲ್ ಕ್ಯಾಪ್ ಕಿತ್ತ ಮೇಲೆ ಕಂಡಿತು. ಬೋಲ್ಟಿನ ತೂತಿನಿಂದ ಅಂಚಿನ ಕಡೆಗೆ ಬಿರುಕು, ಉಗುರು ಹೋಗುವಷ್ಟು.

ಮೆಕ್ಯಾನಿಕ್ ಬಂದ. ಸ್ಕೂಟರ್ ಆಫ್ ಮಾಡುವ ಮೊದಲೇ ಹೇಳಿಬಿಟ್ಟ ಮಹಾರಾಯ. "ವೆಲ್ಡಿಂಗ್ ಗಿಲ್ಡಿಂಗ್ ಅಂತ ಹೋಗ್ಬೇಡಿ ಅಕ್ಕ, ಮುಂದಿನ ಚಕ್ರ, ಜೀವಕ್ಕೇ ಕುತ್ತು. ಇಂಥದೇ ಒಂದು ರಿಮ್ ತಂದ್ಬಿಡಿ, ಹತ್ತು ನಿಮಿಷದಲ್ಲಿ ಹಾಕ್ಕೊಡ್ತೀನಿ." ಗಾಡಿಯನ್ನು ಮರದ ದಿಮ್ಮಿಯ ಮೇಲೆ ನಿಲ್ಲಿಸಿದ. ಟೈರು ಬಿಡಿಸಿ ಅವನು ಒಯ್ದ, ಬರೀ ರಿಮ್ಮು ನನ್ನ ಕೈಗೆ ಕೊಟ್ಟ. ಸ್ಟೆಪ್ನಿ ಕಳುವಾಗಿ ಯಾವ ಕಾಲವಾಯಿತೋ.

ಇಂಥದೇ ಒಂದು. ಕೇಳುವುದಕ್ಕೆ ಎಷ್ಟು ಸುಲಭ...

ಅದೇ ದಿನ, ಸಂಜೆ

ಅಣ್ಣ ಕಸಿ ಕಟ್ಟುತ್ತಾ ತಲೆ ಎತ್ತದೆ ಹೇಳಿದ, "ಗಾಡಿಗೆ ವಯಸ್ಸಾಯ್ತು. ಇಪ್ಪತ್ತೇಳಕ್ಕೆ ಫಿಟ್‌ನೆಸ್ ಪರೀಕ್ಷೆ ಇದೆ. ಅಷ್ಟರೊಳಗೆ ಚಕ್ರ ಸಿಕ್ರೆ ಸರಿ. ಇಲ್ಲಾಂದ್ರೆ ಗುಜರಿಗೆ ಹಾಕಿ ಬಾಡಿಗೆ ಗಾಡಿ ಗೊತ್ತು ಮಾಡ್ತೀನಿ. ನೀನು ಕೌಂಟರಲ್ಲಿ ಆರಾಮಾಗಿ ಕೂತ್ಕೊ."

ಆರಾಮಂತೆ.

ಸಸಿ ಬೆಳೆಸುವುದು ಅವನು, ಮನೆ ಮನೆಗೆ ಮುಟ್ಟಿಸುವುದು ನಾನು. ಮೊದಲು ಎರಡೂ ಅವನೇ ಮಾಡುತ್ತಿದ್ದ. ಕಣ್ಣು ಮಂಜಾದ ಮೇಲೆ ಪಕ್ಕದಲ್ಲಿ ಕೂತು ನನಗೆ ಕಲಿಸಿದ, ಕೀ ಕೊಟ್ಟ. "ಇದು ಎಡಕ್ಕೆ ಎಳೆಯುತ್ತೆ, ಹುಟ್ಟುಗುಣ. ಯಾವಾಗ್ಲೂ ಸ್ವಲ್ಪ ಬಲಕ್ಕೆ ಹಿಡ್ಕೊಂಡಿರು." ಅದೇ ಮೊದಲ ಪಾಠ.

ನನಗೆ ಈ ಗಾಡಿ ಬೇಕು. ಮನೆಯಲ್ಲಿ ಹೆಂಡತಿ, ನರ್ಸರಿಯಲ್ಲಿ ತಂಗಿ. ಸ್ಟೀರಿಂಗ್ ಹಿಂದೆ ಕೂತಾಗ ಮಾತ್ರ ಯಾರ ಏನೂ ಅಲ್ಲ. ಕೌಂಟರಿನಲ್ಲಿ ಕೂತರೆ ತಿಂಗಳಲ್ಲಿ ಹುಚ್ಚು ಹಿಡಿಯುತ್ತದೆ ನನಗೆ.

ಮಾರ್ಚ್ 5

ರಿಮ್ ಹೊತ್ತುಕೊಂಡು ಬಸ್ ಹತ್ತಿದೆ. ಕಂಡಕ್ಟರ್, "ಇದಕ್ಕೆ ಅರ್ಧ ಟಿಕೆಟ್ಟಾ, ಪೂರ್ತಿನಾ?" ಎಂದ. ಮಡಿಲಲ್ಲಿಟ್ಟುಕೊಂಡೆ. ಹಾಗಾದರೆ ಕೂಸು, ಫ್ರೀ ಎಂದ.

ವೀಲ್ ಅಂಗಡಿಯವನಿಗೆ ಎರಡು ಕನ್ನಡಕ. ಒಂದು ಮೂಗಿನ ಮೇಲೆ, ಒಂದು ಹಣೆ ಮೇಲೆ. ಗಾಡಿ ಯಾವುದು, ಯಾವ ಕಾಲದ್ದು ಎಂದಷ್ಟೇ ಕೇಳಿ ಒಳಗಿನಿಂದ ಒಂದು ರಿಮ್ ಉರುಳಿಸಿಕೊಂಡು ಬಂದ. ಐದು ತೂತು. ನಮ್ಮದೂ ಐದು. ಖುಷಿಯಾಯಿತು. ಆದರೆ ಎರಡನ್ನೂ ಅಕ್ಕಪಕ್ಕ ಮಲಗಿಸಿದರೆ ನಡುವಿನ ತಟ್ಟೆ ಒಂದೇ ಮಟ್ಟದಲ್ಲಿಲ್ಲ. ಅವನದು ಹೊರಗೆ, ನಮ್ಮದು ಒಳಗೆ. ಒಂದು ಹೆಬ್ಬೆರಳಿನ ವ್ಯತ್ಯಾಸ.

"ಇದಲ್ಲ," ಎಂದೆ.

"ನಿಮ್ಮ ಗಾಡಿಗೆ ಇದೇ ಅಮ್ಮ ಬರೋದು."

"ವ್ಯತ್ಯಾಸ ಕಾಣ್ತಾ ಇಲ್ವಾ ನಿಮಗೆ?"

"ಎರಡು ಕನ್ನಡಕದಲ್ಲೂ ಕಾಣ್ತಾ ಇದೆ. ಆದ್ರೂ ಇದೇ ಬರೋದು."

ನನಗೆ ಟೋಪಿ ಹಾಕಲು ನೋಡುತ್ತಿದ್ದಾನೆ. ಕೈಯಲ್ಲಿ ಮಾದರಿ ಹಿಡಿದುಕೊಂಡೇ ಬಂದಿದ್ದೇನೆ, ನಾನೇನು ಕಣ್ಣು ಮುಚ್ಚಿಕೊಂಡು ವ್ಯಾಪಾರಕ್ಕೆ ಬಂದವಳೇ. ಅಷ್ಟು ಹೇಳಿಯೇ ಹೊರಬಿದ್ದೆ.

ವಾಪಸ್ ಬರುವಾಗ ಸಿಗ್ನಲ್‌ನಲ್ಲಿ ನಿಂತ ಗಾಡಿಗಳ ಚಕ್ರಗಳನ್ನೇ ನೋಡಿದೆ. ನಾಲ್ಕು ತೂತಿನವು, ಆರರವು, ಉಬ್ಬಿದವು, ತಗ್ಗಿದವು. ಇಷ್ಟು ವರ್ಷ ಚಕ್ರ ಎಂದರೆ ದುಂಡಗಿರುತ್ತದೆ ಎಂದಷ್ಟೇ ಗೊತ್ತಿತ್ತು.

ಮಾರ್ಚ್ 8

ಇವರು ಟೈಲರ್. ಅಳತೆಯಲ್ಲಿ ಎತ್ತಿದ ಕೈ ಎಂಬ ಜಂಬ ಬೇರೆ. ತೂತಿನಿಂದ ಎದುರಿನ ತೂತಿಗೆ ಎಷ್ಟು ದೂರ ಅಳೆದುಕೊಡಿ ಎಂದು ರಿಮ್ಮನ್ನು ಕಟಿಂಗ್ ಟೇಬಲ್ಲಿನ ಮೇಲೆ ಇಟ್ಟೆ. ಟೇಪು ಹಿಡಿದು ಸುತ್ತ ಮೂರು ಸಲ ತಿರುಗಿದರು. ಐದು ತೂತಾದರೆ ಯಾವ ತೂತಿಗೂ ನೇರ ಎದುರಿಗೆ ತೂತೇ ಇರುವುದಿಲ್ಲ. ಇಬ್ಬರಿಗೂ ಈಗ ಹೊಳೆಯಿತು. ನಕ್ಕು ನಕ್ಕು ಸಾಕಾಯಿತು.

ಕೊನೆಗೆ ಖಾಕಿ ಕಾಗದ ಹಾಸಿ, ಸೀಮೆಸುಣ್ಣದಲ್ಲಿ ತೂತುಗಳನ್ನು ಬರೆದು, ಅಂಗಿಯ ಕಾಲರಿನ ಹಾಗೆ ನೀಟಾಗಿ ಕತ್ತರಿಸಿ ಕೊಟ್ಟರು. ಆಳಕ್ಕೆ ಒಂದು ಕಡ್ಡಿಯ ಮೇಲೆ ಗುರುತು.

"ಹೊಲಿಗೆಗೆ ಎಷ್ಟು ಬಿಟ್ಟಿದ್ದೀರಿ?" ಎಂದೆ. ಕತ್ತರಿ ತೋರಿಸಿದರು.

ಮಾರ್ಚ್ 11

ಊರಾಚೆಯ ಗುಜರಿ ಅಂಗಳ. ಕಾರಿನ ಹಿಂದಿನ ಸೀಟನ್ನೇ ಸೋಫಾ ಮಾಡಿಕೊಂಡು ಕೂತಿದ್ದ ಯಜಮಾನ. ಚಕ್ರಗಳ ಗುಡ್ಡೆ ನನ್ನ ತಲೆಗಿಂತ ಎತ್ತರ. ಕಾಗದ ಹಿಡಿದು ಒಂದೊಂದೇ ಎಳೆದು ನೋಡಿದೆ. ಎಷ್ಟೋ ರಿಮ್ಮುಗಳಿಗೆ ತೂತು ಸರಿಹೋಯಿತು. ಆಳ ಮಾತ್ರ ಜಪ್ಪಯ್ಯ ಅಂದರೂ ಹೊಂದಲಿಲ್ಲ. ಎಲ್ಲವೂ ಎರಡು ಕನ್ನಡಕದವನು ತೋರಿಸಿದ ಥರದವೇ.

ಯಜಮಾನ ಎದ್ದು ಬಂದು ನನ್ನ ರಿಮ್ಮನ್ನು ತಿರುಗಿಸಿ ತಿರುಗಿಸಿ ನೋಡಿದ. "ಇಂಥ ಪಿಕಪ್ಪು ಎಷ್ಟೋ ಒಡೆದಿದ್ದೀನಿ ತಾಯಿ. ಈ ಚಕ್ರ ಒಂದರಲ್ಲೂ ಕಂಡಿಲ್ಲ. ಎಲ್ಲಿಂದ ಬಂತು ಇದು?"

"ಗಾಡಿ ಜೊತೆಗೇ ಬಂದಿದ್ದು," ಎಂದೆ, ಸ್ವಲ್ಪ ಜೋರಾಗಿಯೇ. ನನ್ನ ಗಾಡಿಯ ವಿಷಯ ನನಗೇ ಹೇಳಿಕೊಡಲು ಬರುತ್ತಾನೆ.

ಆದರೂ ಆ ಪ್ರಶ್ನೆ ಬಸ್ಸಿನಲ್ಲಿ ನನ್ನ ಜೊತೆಗೇ ಬಂತು.

ಮಾರ್ಚ್ 17

ಇನ್ನೂ ಮೂರು ಗುಜರಿ. ಬರೆಯಲು ಏನಿಲ್ಲ. ಕೈಯೆಲ್ಲ ತುಕ್ಕು.

ಇವತ್ತು ಬಾಡಿಗೆ ಗಾಡಿಯವನು ಬಂದು ನಮ್ಮ ಗೇಟಿನ ಅಗಲ ನೋಡಿಕೊಂಡು ಹೋದ. ಅಣ್ಣನೇ ಕರೆಸಿದ್ದಂತೆ. ನನಗೆ ಒಂದು ಮಾತೂ ಇಲ್ಲ. ಅವನು ನನ್ನ ಗಾಡಿಯ ಬಾನೆಟ್ ಮೇಲೆ ಮೊಣಕೈ ಊರಿ ಮಾತಾಡುತ್ತಿದ್ದ. ಗಿಡಗಳಿಗೆ ನೀರು ಹಾಕುವ ನೆಪದಲ್ಲಿ ಅವನ ಕಾಲೂ ತೋಯಿಸಿದೆ. ಅಳು ಬಂತು ಆಮೇಲೆ. ಪೈಪು ಕೈಯಲ್ಲಿತ್ತು, ಮುಖ ತೊಳೆದುಕೊಂಡೆ.

ಮಾರ್ಚ್ 19

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು.

ಮಧ್ಯಾಹ್ನ ಇವರ ಅಂಗಡಿಗೆ ಊಟ ತೆಗೆದುಕೊಂಡು ಹೋಗಿದ್ದೆ. ಒಬ್ಬ ಗಿರಾಕಿ ಹೊಸ ಅಂಗಿ ತೊಟ್ಟುಕೊಂಡು ಜಗಳಕ್ಕೆ ನಿಂತಿದ್ದ. ಒಂದು ಭುಜ ಮೇಲೆ, ಒಂದು ಕೆಳಗೆ. ಇವರು ಶಾಂತವಾಗಿ ಅವನದೇ ಹಳೆ ಅಂಗಿ ಬಿಡಿಸಿ ಮೇಜಿನ ಮೇಲೆ ಹಾಸಿದರು. ಅದರಲ್ಲೂ ಭುಜ ಹಾಗೇ. ಅವನು ಗೊಣಗುತ್ತಾ ಹೋದ ಮೇಲೆ ಡಬ್ಬಿ ಬಿಚ್ಚುತ್ತಾ ಅಂದರು, "ಮೈ ಅಳತೆ ಕೊಡಿ ಅಂದ್ರೆ ಪುರುಸೊತ್ತಿಲ್ಲ ಅಂತಾರೆ. ಅಳತೆಗೆ ಅಂತ ಹಳೆ ಅಂಗಿ ಎಸೆದು ಹೋಗ್ತಾರೆ. ಆ ಅಂಗಿಯೇ ಸರಿ ಇಲ್ದೇ ಇದ್ರೆ ನಾನೇನು ಮಾಡ್ಲಿ?"

ನಾನು ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ.

"ಏನಾಯ್ತೇ?"

"ರೀ, ನಾನೂ ಹಳೆ ಅಂಗಿಯನ್ನೇ ಊರೆಲ್ಲಾ ಹೊತ್ಕೊಂಡು ತಿರುಗ್ತಾ ಇದ್ದೀನಿ."

ಅರ್ಥವಾಗಲಿಲ್ಲ ಅವರಿಗೆ. ಕಡ್ಡಿ, ಟೇಪು ತೆಗೆದುಕೊಂಡು ನರ್ಸರಿಗೆ ಓಡಿದೆ. ಜಾಕಿ ಕೊಟ್ಟು ಬಲಗಡೆಯ ಮುಂದಿನ ಚಕ್ರದ ಕ್ಯಾಪ್ ಕಿತ್ತೆ. ಅದನ್ನು ಇದುವರೆಗೆ ಯಾರೂ ಬಿಚ್ಚಿ ನೋಡಿಯೇ ಇರಲಿಲ್ಲ. ಮೆಕ್ಯಾನಿಕ್ಕೂ ಇಲ್ಲ, ನಾನೂ ಇಲ್ಲ. ನಟ್ಟು ಕಳಚಿ, ಚಕ್ರ ಮಲಗಿಸಿ, ಕಡ್ಡಿ ಇಟ್ಟೆ. ಗುರುತಿಗೆ ಒಂದು ಹೆಬ್ಬೆರಳು ವ್ಯತ್ಯಾಸ. ಹಿಂದಿನ ಚಕ್ರ ಬಿಚ್ಚಿದೆ, ಅದೂ ಹಾಗೇ. ಇನ್ನೊಂದು ಹಿಂದಿನದು, ಅದೂ.

ಮೂರೂ ಒಂದೇ ಥರ. ಎರಡು ಕನ್ನಡಕದವನು ಮೊದಲ ದಿನ ಉರುಳಿಸಿಕೊಂಡು ಬಂದ ಥರ. ಒಡೆದದ್ದೊಂದೇ ಬೇರೆ. ನಾನು ಹುಡುಕುತ್ತಿದ್ದದ್ದು ತಪ್ಪು ಚಕ್ರದ ಜೋಡಿಯನ್ನು.

ಮಣ್ಣಲ್ಲಿ ಕೂತು ಒಬ್ಬಳೇ ನಕ್ಕೆ. ಅಣ್ಣ ಇಣುಕಿ ನೋಡಿ, ಸದ್ದಿಲ್ಲದೆ ಹೋದ.

ಮಾರ್ಚ್ 20

ಆ ಒಂದು ಚಕ್ರ ಎಲ್ಲಿಂದ ಬಂತೆಂದು ಅಣ್ಣನನ್ನು ಕೇಳಿದೆ. ಕಸಿ ಚಾಕು ಕೆಳಗಿಟ್ಟ.

"ಒಂದ್ಸಲ ದೂರದ ಊರಲ್ಲಿ ರಿಮ್ ಬೆಂಡಾಗಿತ್ತು. ಅಲ್ಲಿಯ ಗ್ಯಾರೇಜಿನವರು ಇದನ್ನ ಹಾಕಿಕೊಟ್ರು. ಸದ್ಯಕ್ಕೆ ಊರು ಸೇರ್ಕೊಳಿ, ಆಮೇಲೆ ಬದಲಾಯಿಸಿ ಅಂತ."

"ಆಮೇಲೆ?"

"ಆಮೇಲೆ... ಕ್ಯಾಪ್ ಹಾಕಿದೆ."

ನಾನು ನಗುತ್ತಿದ್ದೆ. ಅವನು ನಗಲಿಲ್ಲ. "ಹಾಗಾದ್ರೆ ಎಡಕ್ಕೆ ಎಳೀತಿತ್ತಲ್ಲ, ಅದು..." ಎಂದವನು ಬಲಭುಜ ನೀವಿಕೊಂಡ. ಆ ಭುಜಕ್ಕೆ ಅವನು ಹಚ್ಚದ ಎಣ್ಣೆಯಿಲ್ಲ.

ಸಂಜೆ ವೀಲ್ ಅಂಗಡಿಗೆ ಹೋದೆ. ಈ ಸಲ ಕೈ ಬೀಸಿಕೊಂಡು. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದೆ. ಅವನು ಹಣೆಯ ಕನ್ನಡಕ ಮೂಗಿಗಿಳಿಸಿ, "ಕೂಸೆಲ್ಲಿ?" ಎಂದಷ್ಟೇ ಕೇಳಿದ. ಬಸ್ಸಿನ ಕಂಡಕ್ಟರ್ ಅವನ ಭಾವಮೈದುನನಂತೆ. ಊರೇ ನನ್ನನ್ನು ನೋಡಿ ನಕ್ಕಿದೆ.

ಮಾರ್ಚ್ 22

ಚಕ್ರ ಹಾಕಿ ಆಯಿತು. ಹತ್ತು ನಿಮಿಷ ಎಂದವನು ಅರ್ಧ ದಿನ ತೆಗೆದುಕೊಂಡ, ಇರಲಿ.

ಹೊರಟೆ. ಗೇಟು ದಾಟುವ ಮೊದಲೇ ಗಾಡಿ ಬಲಕ್ಕೆ ಸರಿದು ಕುಂಡಗಳ ಸಾಲಿಗೆ ನುಗ್ಗಿತು. ನಾಲ್ಕು ಕುಂಡ ಚೂರು. ಮತ್ತೆ ಹಿಂದೆ ತಂದು ಹೊರಟೆ, ಮತ್ತೆ ಬಲಕ್ಕೆ. ಇಷ್ಟೆಲ್ಲ ಮಾಡಿ ಇನ್ನೊಂದು ರೋಗವೇ?

ಮೆಕ್ಯಾನಿಕ್ ತಾನೇ ಕೂತು ಒಂದು ಸುತ್ತು ಹಾಕಿ ಬಂದ. "ದಾರ ಹಿಡಿದ ಹಾಗೆ ನೇರ ಹೋಗ್ತಿದೆ ಅಕ್ಕ. ಎಳೀತಿರೋದು ನೀವು."

ನನ್ನ ಕೈ ನೋಡಿಕೊಂಡೆ.

ಮಾರ್ಚ್ 24

ಬೇಡವೆಂದರೂ ಅಣ್ಣ ಪಕ್ಕದಲ್ಲಿ ಹತ್ತಿ ಕೂತ. ನೀರಿನ ಟ್ಯಾಂಕಿನ ಹಿಂದಿನ ಖಾಲಿ ರಸ್ತೆ. ಎರಡು ಸಲ ಬಲಕ್ಕೆ ಒಯ್ದೆ. ಎಷ್ಟು ಹುಷಾರಾಗಿದ್ದರೂ ಭುಜ ತನ್ನಷ್ಟಕ್ಕೆ ಎಳೆಯುತ್ತದೆ.

"ಕೈ ಬಿಡು," ಎಂದ.

"ಏನು?"

"ಎರಡೂ ಕೈ ಬಿಡು. ನಾನಿದ್ದೀನಿ."

ಕಣ್ಣು ಸರಿಯಾಗಿ ಕಾಣದವನು ನಾನಿದ್ದೀನಿ ಎನ್ನುತ್ತಾನೆ. ಬಿಟ್ಟೆ. ಗಾಡಿ ನಿಧಾನವಾಗಿ, ನೇರವಾಗಿ, ಯಾರ ಹಂಗೂ ಇಲ್ಲದೆ ಹೋಯಿತು. ಟ್ಯಾಂಕು ದಾಟಿತು, ಗೋಡೆ ದಾಟಿತು. ಅಣ್ಣ ತಲೆ ವಾಲಿಸಿ ಟೈರಿನ ಸದ್ದು ಕೇಳುತ್ತಿದ್ದ.

"ಸುಮ್ಮನೆ ಇದನ್ನ ಬೈದ್ವಲ್ಲ," ಎಂದ. ಆಮೇಲೆ, "ನಿನಗೂ ಅದನ್ನೇ ಕಲಿಸ್ದೆ."

ಏನಾದರೂ ಕೀಟಲೆ ಮಾಡಿ ಅವನನ್ನು ನಗಿಸಬೇಕೆಂದುಕೊಂಡೆ, ಒಂದೂ ಹೊಳೆಯಲಿಲ್ಲ. ವಾಪಸ್ ಬಂದು ಇಳಿದವನೇ ಬಾಡಿಗೆ ಗಾಡಿಯವನಿಗೆ ಫೋನ್ ಮಾಡಿದ. "ಬೇಡಪ್ಪ. ನಮ್ಮ ಡ್ರೈವರ್ ಇದ್ದಾಳೆ."

ತಂಗಿ ಎನ್ನಲಿಲ್ಲ. ಡ್ರೈವರ್ ಎಂದ.

ಮಾರ್ಚ್ 27, ಬೆಳಗ್ಗೆ 10

ಪರೀಕ್ಷೆಯ ಮೈದಾನ. ಮುಂದೆ ಒಂದು ಹಾಲಿನ ವ್ಯಾನು, ಒಂದು ಸ್ಕೂಲ್ ಬಸ್ಸು. ಆಮೇಲೆ ನಾವು. ಸ್ಟೀರಿಂಗ್ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಲೈಟು, ಹಾರ್ನು, ಬ್ರೇಕು ನೋಡಿ ಆಯಿತು, ಎಲ್ಲ ಸರಿ. ಇನ್ನು ಬಿಳಿ ಗೆರೆಯ ಮೇಲೆ ನೇರ ಓಡಿಸಿ ತೋರಿಸಬೇಕು, ಅಷ್ಟೇ. ಇವರು ಹೊಸ ಅಂಗಿ ಹೊಲಿದುಕೊಟ್ಟಿದ್ದಾರೆ. ಈ ಸಲ ಮೈ ಅಳತೆ ತೆಗೆದುಕೊಂಡು.

ಬಲಭುಜ ಈಗಲೇ ಬಿಗಿಯಾಗಿದೆ, ಮೂರ್ಖ ಭುಜ.

ಅಣ್ಣನನ್ನು ಒಳಗೆ ಬಿಡಲಿಲ್ಲ. ಗೆರೆ ಮುಗಿಯುವ ಕಡೆ, ಬೇಲಿಯಾಚೆ ನಿಂತಿದ್ದಾನೆ. ಅಲ್ಲಿಂದ ಅವನಿಗೆ ನಾನು ಕಾಣುವುದಿಲ್ಲ, ಗಾಡಿಯ ಬಣ್ಣವೂ ಕಾಣುತ್ತದೋ ಇಲ್ಲವೋ. ಬಸ್ಸು ಹೊರಟಿತು. ನಮ್ಮ ನಂಬರ್ ಕೂಗಿದರು. ಕೂಗಿದ್ದು ಅವನಿಗೂ ಕೇಳಿಸಿರಬೇಕು... ಎರಡೂ ಕೈ ತಲೆಯ ಮೇಲೆತ್ತಿ, ಬೆರಳು ಅಗಲಿಸಿ ತೋರಿಸುತ್ತಿದ್ದಾನೆ, ಬರೀ ಕೈ, ಏನನ್ನೂ ಹಿಡಿಯದ ಕೈ. ಸರಿ ಅಣ್ಣ, ಬಿಡ್ತೀನಿ, ಮೊದಲು ಪೆನ್ನು ಬಿಟ್ಟೆ, ಇಗೋ —